ರಾ ಫೈಲ್, ಚೆಂಡು ಹೂವು, ಡಾರ್ಕ್‌ಟೇಬಲ್: ಕಲಿಯುವವರಿಗೆ ಟಿಪ್ಪಣಿ

ರಾ ಫೈಲ್‌ನಲ್ಲಿ ಇರುವುದು ಕ್ಯಾಮೆರಾದ ಸೆನ್ಸರ್ ಅಳೆದಿಟ್ಟ ಬೆಳಕಿನ ಅಳತೆ. ಅದನ್ನು ಫೋಟೊ ಮಾಡುವ ಕೆಲಸ ನಮಗೆ ಬಿಟ್ಟದ್ದು. ಇದೊಂದು ತಲೆಗೆ ಹೋದರೆ, ರಾ ಫೈಲ್ ತಿದ್ದುವ ಉಚಿತ ಸಾಫ್ಟ್‌ವೇರ್ ಡಾರ್ಕ್‌ಟೇಬಲ್‌ನ ಅರ್ಧ ಬಟನ್‌ಗಳು ತಾವಾಗಿಯೇ ಅರ್ಥವಾಗುತ್ತವೆ.

ಸೆನ್ಸರ್‌ನ ಒಂದೊಂದು ಚುಕ್ಕಿಯೂ ಒಂದೇ ಬಣ್ಣ ಅಳೆಯುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಬಣ್ಣಗಳನ್ನು ಅಕ್ಕಪಕ್ಕ ನೋಡಿ ಲೆಕ್ಕ ಹಾಕಬೇಕು. ಇದೇ ಡಿಮೊಸಾಯಿಕ್. ಜೆಪೆಗ್ (ಮಾಮೂಲಿ ಫೋಟೊ ಫೈಲ್) ಆದರೆ ಕ್ಯಾಮೆರಾನೇ ಲೆಕ್ಕ ಮುಗಿಸಿ ಪ್ರತಿ ಬಣ್ಣಕ್ಕೆ 256 ಮಟ್ಟ ಉಳಿಸುತ್ತದೆ. 14 ಬಿಟ್ ರಾನಲ್ಲಿ 16,384.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ಹೋಗಿ ನೋಡಿ. ಹಳದಿ ಬಲ್ಬ್ ಕೆಳಗೆ ಚೆಂಡು ಹೂವಿನ ರಾಶಿ, ಮೇಲೆ ನೀಲಿ ಆಕಾಶ. ಜೆಪೆಗ್‌ನಲ್ಲಿ ಎಸಳುಗಳೆಲ್ಲ ಸೇರಿ ಒಂದೇ ಕಿತ್ತಳೆ ತೇಪೆ ಆಗಿಬಿಡುತ್ತವೆ, ಯಾಕಂದ್ರೆ ಕೆಂಪು ಗರಿಷ್ಠ ಮುಟ್ಟಿರುತ್ತದೆ. ರಾನಲ್ಲಿ ಎಷ್ಟೋ ಸಲ ಎಸಳಿನ ಅಂಚು ಇನ್ನೂ ಉಳಿದಿರುತ್ತದೆ. ಸೆನ್ಸರೇ ಬೆಳಕಿನಿಂದ ತುಂಬಿಹೋಗಿದ್ದರೆ ಮಾತ್ರ ಕಳೆದುಹೋದ ವಿವರ ಯಾವ ಸಾಫ್ಟ್‌ವೇರ್‌ನಿಂದಲೂ ವಾಪಸ್ ಬರಲ್ಲ. ಡಾರ್ಕ್‌ಟೇಬಲ್‌ನಲ್ಲಿ ಹೀಗೆ ತುಂಬಿಹೋದ ಜಾಗ ತೋರಿಸುವ ಬಟನ್ ಇದೆ, ಮೊದಲು ಅದನ್ನೇ ಒತ್ತಿ. ಬಲ್ಬ್ ಬೆಳ್ಳಗಾಗಿದ್ದರೆ ಬಿಡಿ, ಹೂವು ಮುಖ್ಯ ಅಲ್ವಾ?

ಇನ್ನು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ಸರಿದೂಗಿಸಿ ಬಿಳಿಯನ್ನು ಬಿಳಿಯಾಗಿ ಕಾಣಿಸುವುದು. ಮೂಲದಲ್ಲಿ ಇದು ಬರೀ ಗುಣಾಕಾರ: ಕೆಂಪಿಗೊಂದು, ನೀಲಿಗೊಂದು ಸಂಖ್ಯೆ. ಅದಕ್ಕೇ ರಾನಲ್ಲಿ ಯಾವಾಗ ಬೇಕಾದರೂ ಬದಲಿಸಬಹುದು. ಡಾರ್ಕ್‌ಟೇಬಲ್‌ನ ಈಗಿನ ಕ್ರಮದಲ್ಲಿ ನಿಜವಾದ ತಿದ್ದುಪಡಿ ನಡೆಯುವುದು ಇನ್ನೊಂದು ಮಾಡ್ಯೂಲ್ (ಒಂದೊಂದು ಕೆಲಸಕ್ಕಿರುವ ಉಪಕರಣ) ಆದ ಕಲರ್ ಕ್ಯಾಲಿಬ್ರೇಶನ್‌ನಲ್ಲಿ. ವೈಟ್ ಬ್ಯಾಲೆನ್ಸ್ ಮಾಡ್ಯೂಲ್ ಅನ್ನು ಸುಮ್ನೆ ಎಳೆದಾಡಿದರೆ ಒಂದೇ ತಿದ್ದುಪಡಿ ಎರಡು ಸಲ ಆಗುತ್ತದೆ, ಎಚ್ಚರಿಕೆಯೂ ಬರುತ್ತದೆ. ಕಲರ್ ಕ್ಯಾಲಿಬ್ರೇಶನ್ ಅನ್ನು ಎರಡು ಸಲ ಹಾಕಿ, ಮಾಸ್ಕ್ (ಚಿತ್ರದ ಒಂದು ಭಾಗಕ್ಕಷ್ಟೇ ತಿದ್ದುಪಡಿ ತಾಗಿಸುವ ಗುರುತು) ಬಳಸಿ ಹೂವಿಗೊಂದು, ಆಕಾಶಕ್ಕೊಂದು ಸರಿಮಾಡಬಹುದು. ಶುರುವಿಗೆ ಎಕ್ಸ್‌ಪೋಶರ್ (ಒಟ್ಟು ಬೆಳಕು), ಕಲರ್ ಕ್ಯಾಲಿಬ್ರೇಶನ್, ಸಿಗ್ಮಾಯ್ಡ್ (ಬೆಳಕಿನ ಹರವನ್ನು ಪರದೆಗೆ ಹೊಂದಿಸುವುದು) ಇಷ್ಟೇ ಸಾಕು. ಉಳಿದ ಮಾಡ್ಯೂಲ್‌ಗಳ ಪಟ್ಟಿ ನೋಡಿ ಹೆದರಬೇಡಿ.

ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ರಾಥೆರಪಿಯೂ ಉಚಿತ, ಅದರ ಕೋಡ್ 2010ರಿಂದ ಮುಕ್ತ. ಡಾರ್ಕ್‌ಟೇಬಲ್ ಓಪನ್‌ಸಿಎಲ್ ಎಂಬ ವ್ಯವಸ್ಥೆಯ ಮೂಲಕ ಗ್ರಾಫಿಕ್ಸ್ ಕಾರ್ಡ್ ಬಳಸುತ್ತದೆ, ರಾಥೆರಪಿ ಪ್ರೊಸೆಸರ್ ಮೇಲೇ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುವವರು ಇದನ್ನು ನೆನಪಿಡಿ.

ಎರಡೂ ಮೂಲ ಫೈಲ್ ಮುಟ್ಟುವುದಿಲ್ಲ. ನಿಮ್ಮ ಕೆಲಸ ಪಕ್ಕದ ಪುಟ್ಟ ಫೈಲ್‌ನಲ್ಲಿ ಕೂರುತ್ತದೆ: ಡಾರ್ಕ್‌ಟೇಬಲ್‌ಗೆ ಎಕ್ಸ್‌ಎಂಪಿ, ರಾಥೆರಪಿಗೆ ಪಿಪಿ3. ಒಂದರದ್ದನ್ನು ಇನ್ನೊಂದು ಓದಿ ಅದೇ ಚಿತ್ರ ಕೊಡಲ್ಲ. ಫೋಟೊ ಬೇರೆ ಡಿಸ್ಕ್‌ಗೆ ಹಾಕುವಾಗ ಈ ಪುಟ್ಟ ಫೈಲನ್ನೂ ಜೊತೆಗೆ ಹಾಕಿ.