ಸಿಗರೇಟು ಪ್ಯಾಕಿನೊಳಗೆ ಸಿಕ್ಕ ಮುಖಗಳು

ಬೇಸ್‌ಬಾಲ್ ಆಟಗಾರ ಎರಡೂ ಕೈ ಚಾಚಿ ನಿಂತಿದ್ದಾನೆ. ಚೆಂಡು ಇನ್ನೇನು ಕೈಗೆ ಬೀಳಬೇಕು. ಫೋಟೋವನ್ನು ಕಣ್ಣ ಹತ್ತಿರ ತಂದರೆ ಚೆಂಡಿನ ಮೇಲೊಂದು ದಾರ ಕಾಣುತ್ತದೆ! ಸ್ಟುಡಿಯೋದಲ್ಲಿ ಚೆಂಡನ್ನು ಮೇಲಿನಿಂದ ಇಳಿಬಿಟ್ಟಿದ್ದಾರೆ. 1880ರ ದಶಕದ ಕೊನೆಗೆ ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ ‘ಓಲ್ಡ್ ಜಡ್ಜ್’ ಸಿಗರೇಟಿನ ಜೊತೆ ಕೊಡುತ್ತಿದ್ದ ಕಾರ್ಡುಗಳಲ್ಲಿ ಇಂಥ ದಾರದ ಚೆಂಡು ಮತ್ತೆ ಮತ್ತೆ ಸಿಗುತ್ತದೆ. ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದದ ಮೇಲೆ ಮೂಡಿಸಿ ರಟ್ಟಿಗೆ ಅಂಟಿಸಿದ, ಎರಡೂವರೆ ಇಂಚು ಉದ್ದದ ಅಸಲಿ ಫೋಟೋಗಳು ಅವು.

ಮೊದಲು ಈ ರಟ್ಟಿಗಿದ್ದ ಕೆಲಸವೇ ಬೇರೆ. ಮೆತ್ತನೆಯ ಕಾಗದದ ಪ್ಯಾಕಿನಲ್ಲಿ ಸಿಗರೇಟು ಮುರಿಯದಿರಲಿ ಅಂತ ಒಂದು ತುಂಡು ಇಡುತ್ತಿದ್ದರು, ಅಷ್ಟೇ.

ಮುಖಗಳಿಗೆ ಇಷ್ಟು ಬೇಡಿಕೆ ಬಂದಿದ್ದು ಯಂತ್ರದಿಂದ. ಪಳಗಿದ ಕೈ ನಿಮಿಷಕ್ಕೆ ನಾಲ್ಕು ಸಿಗರೇಟು ಸುತ್ತಿದರೆ, ಬಾನ್ಸಾಕ್ ಯಂತ್ರ 200 ಸುತ್ತುತ್ತಿತ್ತು. 1884ರಲ್ಲಿ ಡರ್ಹ್ಯಾಮಿನ ಡ್ಯೂಕ್ ಕಂಪನಿ ಅದನ್ನು ಕೆಲಸಕ್ಕೆ ಹಚ್ಚಿತು. ಮಾಲು ರಾಶಿ ಬಿತ್ತು. ಹೊಗೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ, ಅಲ್ವಾ? ಹಾಗಾಗಿ ಗಿರಾಕಿಯನ್ನು ಹಿಡಿದಿಡಲು ಚಿತ್ರ ಬೇಕಾಯಿತು. ಒಂದು ಸಿಕ್ಕವನಿಗೆ ಇಡೀ ಸೆಟ್ಟು ಬೇಕೆನಿಸುತ್ತದೆ. ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಕ್ಕಾಗಿ ಕಾಸು ಸುರಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಿಚ್ಮಂಡಿನ ಆಲನ್ ಅಂಡ್ ಗಿಂಟರ್ ಕಂಪನಿಯಂತೂ ಪ್ಯಾಕಿನಲ್ಲಿ ಕೂಪನ್ ಇಟ್ಟು, ಅದಕ್ಕೆ ಆಲ್ಬಂ ಕೊಡುತ್ತಿತ್ತು.

ಆಟಗಾರರಿಗಿಂತ ಜಾಸ್ತಿ ಓಡಿದ್ದು ನಟಿಯರ ಫೋಟೋಗಳು, ಅದರಲ್ಲೂ ಮೈಗಂಟಿದ ರಂಗದ ಉಡುಪಿನವು. ಸೇದುವವರು ಬಹುಪಾಲು ಗಂಡಸರು ತಾನೇ. 1894ರಲ್ಲಿ ಮುದುಕ ವಾಷಿಂಗ್ಟನ್ ಡ್ಯೂಕ್, ಕಂಪನಿ ನಡೆಸುತ್ತಿದ್ದ ಮಗ ಜೇಮ್ಸ್‌ಗೆ ಕಾಗದ ಬರೆದು, ಈ ಅಶ್ಲೀಲ ಫೋಟೋಗಳನ್ನು ಹಂಚುವುದು ಬೇಡ ಎಂದರು. ತಂಬಾಕಿನ ಬಗ್ಗೆ ಅಲ್ಲ, ಫೋಟೋದ ಬಗ್ಗೆ!

ಅಷ್ಟರಲ್ಲಿ ಪೈಪೋಟಿಯೇ ಇಂಗುತ್ತಿತ್ತು. 1890ರಲ್ಲಿ ಐದು ದೊಡ್ಡ ಕಂಪನಿಗಳು ಜೇಮ್ಸ್ ಡ್ಯೂಕ್ ಕೆಳಗೆ ‘ಅಮೆರಿಕನ್ ಟೊಬ್ಯಾಕೊ’ ಆಗಿದ್ದವು. ಎದುರಾಳಿಯೇ ಇಲ್ಲದ ಮೇಲೆ ಕಾರ್ಡಿಗೆ ದುಡ್ಡು ಯಾಕೆ? ಅವು ಕಮ್ಮಿಯಾಗುತ್ತ ಬಂದವು.

ಇವತ್ತು ಅವುಗಳನ್ನು ನೋಡಲು ಒಳ್ಳೆಯ ಜಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು 3 ಲಕ್ಷಕ್ಕೂ ಹೆಚ್ಚು ಚೀಟಿ, ಕಾರ್ಡುಗಳನ್ನು ಅಲ್ಲಿಗೆ ಕೊಟ್ಟರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ವರ್ಷಗಟ್ಟಲೆ ಕೂತು ಅವನ್ನು ಆಲ್ಬಂಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿನಲ್ಲಿ ಅವರು ತೀರಿಕೊಂಡರು.