ಮಾಸು ಬೀಳುವವರೆಗೆ ಕರು ಕಾಯಬೇಕೇ?

ಹಸು ಕರು ಹಾಕಿದ ಮನೆಗೆ ಹೋದರೆ ನಾನು ಮೊದಲು ಕೇಳುವುದು, ಗಿಣ್ಣು ಹಾಲು ಕುಡಿಸಿದಿರಾ ಎಂದು. "ಇಲ್ಲ ಡಾಕ್ಟರೇ, ಮಾಸು ಇನ್ನೂ ಬಿದ್ದಿಲ್ಲವಲ್ಲ" ಎಂಬ ಉತ್ತರ ಇಂದಿಗೂ ಬರುತ್ತದೆ. ಮಾಸು, ಅಂದರೆ ಕರು ಹುಟ್ಟಿದ ಮೇಲೆ ಹೊರಬೀಳುವ ಗರ್ಭದ ಪೊರೆ, ಬೀಳುವ ತನಕ ಕರುವಿಗೆ ಹಾಲು ಕುಡಿಸಬಾರದೆಂಬ ನಂಬಿಕೆ ಅದು. ಕೈ ತೊಳೆದು ಎರಡು ಬೆರಳನ್ನು ಕರುವಿನ ಬಾಯಿಗಿಡುತ್ತೇನೆ. ಮೈ ಇನ್ನೂ ಆರಿರುವುದಿಲ್ಲ, ಕಾಲು ನಡುಗುತ್ತಿರುತ್ತದೆ, ಆದರೂ ನಾಲಿಗೆ ಬೆರಳನ್ನು ಸುತ್ತಿ ಜಗ್ಗುತ್ತದೆ. ಹಸುಗಳಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಗುರುತಿಸಿ ತಡೆಯುವ ಪ್ರೋಟೀನುಗಳು, ಮಾಸನ್ನು ದಾಟಿ ಗರ್ಭದ ಕರುವಿಗೆ ತಲುಪುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು. ಅವನ್ನು ಹೀರುವ ಶಕ್ತಿ ಕರುಳಿನಲ್ಲಿ ಗಂಟೆಗಂಟೆಗೂ ಕುಗ್ಗಿ, ಸುಮಾರು 24 ಗಂಟೆಗೆ ನಿಂತೇ ಹೋಗುತ್ತದೆ.

ಗಿಣ್ಣಿನಲ್ಲಿ ಇನ್ಸುಲಿನ್‌ನಂತಹ ಹಾರ್ಮೋನುಗಳೂ ತಾಯಿಯ ಬಿಳಿರಕ್ತಕಣಗಳೂ ಇರುತ್ತವೆ. ಹಾರ್ಮೋನು ಗ್ರಂಥಿಗಳ ಕೆಲಸ, ರೋಗ ತಡೆಯುವುದು ಬಿಳಿರಕ್ತಕಣಗಳ ಕೆಲಸ ಎಂದು ನಾವು ಓದಿದ್ದು. ಈ ಪಾಲುಪಟ್ಟಿ 1981ರಲ್ಲೇ ಕದಡಿತ್ತು. ಅಮೆರಿಕದ ವಿಜ್ಞಾನಿಗಳಾದ ಸ್ಮಿತ್ ಮತ್ತು ಬ್ಲಾಲಾಕ್ ಮನುಷ್ಯರ ಬಿಳಿರಕ್ತಕಣಗಳಿಗೆ ವೈರಸ್ ಸೋಕಿಸಿದಾಗ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಹಾರ್ಮೋನನ್ನು ಹೋಲುವ ವಸ್ತು ಅವುಗಳಿಂದ ಹೊರಬಂತು. ಆ ವೈರಸ್ ಯಾವುದು ಗೊತ್ತೇ? ನಾವು ಕೋಳಿಗಳಿಗೆ ಲಸಿಕೆ ಹಾಕುವ ರಾಣಿಖೇತ್ ರೋಗದ್ದು.

ಹಂಗೇರಿಯ ಬುಡಾಪೆಸ್ಟಿನ ವಿಜ್ಞಾನಿ ಚಾಬಾ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನೇ ಬೆನ್ನಟ್ಟಿದರು. ಹಾರ್ಮೋನನ್ನು ಗುರುತಿಸುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಬಿಳಿರಕ್ತಕಣಗಳಂತಹ ರಕ್ಷಕ ಕಣಗಳ ಮೇಲೆ ಬಿಟ್ಟರೆ, ಹಾರ್ಮೋನಿರುವ ಕಣ ಲೇಸರ್ ಬೆಳಕಿನಲ್ಲಿ ಮಿನುಗುತ್ತದೆ. ಹೀಗೆ ಸೆರೊಟೋನಿನ್, ಹಿಸ್ಟಮಿನ್, ದೇಹವೇ ತಯಾರಿಸುವ ನೋವುಶಾಮಕವಾದ ಎಂಡಾರ್ಫಿನ್ ಎಲ್ಲವೂ ಕಂಡವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು: ಆಗಷ್ಟೇ ಹುಟ್ಟಿದ ಮರಿಗೆ ಒಂದೇ ಒಂದು ಸಲ ಎಂಡಾರ್ಫಿನ್ ಕೊಟ್ಟರೂ, ಅದು ಬೆಳೆದು ದೊಡ್ಡದಾದ ಮೇಲೆ ಆ ಕಣಗಳೊಳಗಿನ ಹಾರ್ಮೋನಿನ ಪ್ರಮಾಣ ಬದಲಾಗಿತ್ತು.

ಕಣದೊಳಗೆ ಸಿಕ್ಕಿದ್ದೆಲ್ಲ ಆ ಕಣವೇ ತಯಾರಿಸಿದ್ದೆಂದು ಹೇಳಲಾಗದು, ರಕ್ತದಿಂದ ಹೀರಿಕೊಂಡಿರಬಹುದು. ಇಲಿಯ ಲೆಕ್ಕವನ್ನು ಕರುವಿಗೆ ಹಾಗೆಯೇ ಹಚ್ಚುವಂತೆಯೂ ಇಲ್ಲ. ಆದರೂ ಎಳೆಗರು ಮಂಕಾಗಿದೆ, ಶಕ್ತಿಗೆ ಒಂದು ಸ್ಟಿರಾಯ್ಡ್ ಚುಚ್ಚಿ ಎಂದು ಯಾರಾದರೂ ಕೇಳಿದರೆ ನನ್ನ ಕೈ ಹಿಂಜರಿಯುತ್ತದೆ. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಹಾರ್ಮೋನು. ಸ್ಪಷ್ಟ ಕಾರಣವಿಲ್ಲದೆ ಮೊದಲ ದಿನವೇ ಬೇಡ.

30 ಕಿಲೋ ತೂಗುವ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣು ಬೇಕು, ಮೊದಲ ಪಾಲು ಒಂದೆರಡು ಗಂಟೆಯೊಳಗೆ. ಮಾಸಿನ ಚಿಂತೆ ಮಾಡುವವರಿಗೆ ಇಷ್ಟು ಹೇಳುತ್ತೇನೆ: ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ತಾಯಿಯ ರಕ್ತಕ್ಕೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಇಳಿಯುತ್ತದೆ, ಗರ್ಭಕೋಶ ಹಿಂಡಿಕೊಳ್ಳುತ್ತದೆ. ಮಾಸು ಕಳಚುವುದಕ್ಕೂ ಅದೇ ನೆರವು.