ಆಂಶಿಕ ಒತ್ತಡ: ಪಾತ್ರೆಯಲ್ಲಿ ಈ ಅನಿಲ ಒಂದೇ ಇದ್ದಿದ್ದರೆ?

ಮೊದಲು ಒಂದು ಲೆಕ್ಕ ಹಾಕೋಣ. 2 ಲೀಟರ್ ಫ್ಲಾಸ್ಕಿನಲ್ಲಿ ನೈಟ್ರೋಜನ್ ಇದೆ, ಅದರ ಒತ್ತಡ 3 ಅಟ್ಮಾಸ್ಫಿಯರ್. ಪಕ್ಕದ 3 ಲೀಟರ್ ಫ್ಲಾಸ್ಕಿನಲ್ಲಿ ಆಕ್ಸಿಜನ್ ಇದೆ, ಒತ್ತಡ 1 ಅಟ್ಮಾಸ್ಫಿಯರ್. ಎರಡರ ನಡುವೆ ಒಂದು ಸಣ್ಣ ಕೊಳವೆ, ಅದಕ್ಕೊಂದು ವಾಲ್ವ್. ತಾಪಮಾನ ಬದಲಾಗದ ಹಾಗೆ ವಾಲ್ವ್ ತೆರೆದರೆ ಒಟ್ಟು ಒತ್ತಡ ಎಷ್ಟಾಗುತ್ತದೆ?

ಮಿಶ್ರಣದ ಒಟ್ಟು ಒತ್ತಡ ಅದರೊಳಗಿನ ಅನಿಲಗಳ ಒತ್ತಡಗಳ ಮೊತ್ತ ಎನ್ನುವ ಡಾಲ್ಟನ್ ನಿಯಮ ಓದಿದವರ ಕೈ ತಾನಾಗಿಯೇ 3 + 1 = 4 ಎಂದು ಬರೆದುಬಿಡುತ್ತದೆ. ನಾನೂ ಮೊದಲ ಸಲ ಹಾಗೇ ಬರೆದಿದ್ದೆ. ಒತ್ತಡಗಳನ್ನು ಕೂಡಿಸಬೇಕು ಎಂಬುದು ನಿಜ, ಆದರೆ ಯಾವ ಒತ್ತಡಗಳನ್ನು ಅನ್ನುವುದೇ ಇಲ್ಲಿನ ಪ್ರಶ್ನೆ. 3 ಮತ್ತು 1 ಎಂಬವು ಆಯಾ ಅನಿಲ ತನ್ನ ಹಳೆಯ ಫ್ಲಾಸ್ಕಿನಲ್ಲಿದ್ದಾಗಿನ ಒತ್ತಡಗಳು. ವಾಲ್ವ್ ತೆರೆದ ಮೇಲೆ ಎರಡೂ ಅನಿಲಗಳಿಗೆ ಓಡಾಡಲು 5 ಲೀಟರ್ ಜಾಗ ಸಿಕ್ಕಿದೆ. ಹಾಗಾಗಿ ಒಂದೊಂದು ಅನಿಲವನ್ನೂ ಬೇರೆಬೇರೆಯಾಗಿ ಕೇಳಬೇಕು: ಈ 5 ಲೀಟರಿನಲ್ಲಿ ನೀನೊಬ್ಬನೇ ಇದ್ದಿದ್ದರೆ ನಿನ್ನ ಒತ್ತಡ ಎಷ್ಟಿರುತ್ತಿತ್ತು? ತಾಪಮಾನ ಬದಲಾಗದಿದ್ದರೆ ಒತ್ತಡ × ಗಾತ್ರ ಬದಲಾಗುವುದಿಲ್ಲ, ಇದೇ ಬಾಯ್ಲ್ ನಿಯಮ.

ನೈಟ್ರೋಜನ್: 3 × 2 ÷ 5 = 1.2 ಅಟ್ಮಾಸ್ಫಿಯರ್
ಆಕ್ಸಿಜನ್: 1 × 3 ÷ 5 = 0.6 ಅಟ್ಮಾಸ್ಫಿಯರ್
ಒಟ್ಟು: 1.8 ಅಟ್ಮಾಸ್ಫಿಯರ್

ಈ 1.2 ಮತ್ತು 0.6 ಇವೆಯಲ್ಲ, ಇವೇ ಆಂಶಿಕ ಒತ್ತಡಗಳು. ಮಿಶ್ರಣ ತುಂಬಿರುವ ಅದೇ ಪಾತ್ರೆಯಲ್ಲಿ, ಅದೇ ತಾಪಮಾನದಲ್ಲಿ ಒಂದು ಅನಿಲ ಮಾತ್ರ ಇದ್ದಿದ್ದರೆ ಅದು ತೋರಿಸುತ್ತಿದ್ದ ಒತ್ತಡ. ಇಡೀ ಪಾಠದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇದೊಂದೇ. ಮುಂದೆ ಬರುವ ಎಲ್ಲ ಲೆಕ್ಕಗಳೂ ಈ ಪ್ರಶ್ನೆಯನ್ನೇ ಬೇರೆಬೇರೆ ವೇಷದಲ್ಲಿ ಕೇಳುತ್ತವೆ.

ಇದು ಯಾಕೆ ಸರಿಹೋಗುತ್ತದೆ? ಅನಿಲದ ಅಣುಗಳು ಪಾತ್ರೆಯ ಗೋಡೆಗೆ ಬಡಿಯುವುದರಿಂದ ಒತ್ತಡ ಹುಟ್ಟುತ್ತದೆ. ಸಾಮಾನ್ಯ ಒತ್ತಡದಲ್ಲಿ ಅಣುಗಳ ನಡುವೆ ಎಷ್ಟು ಖಾಲಿ ಜಾಗ ಇರುತ್ತದೆಂದರೆ, ಆಕ್ಸಿಜನ್ ಅಣುಗಳು ಗೋಡೆಗೆ ಕೊಡುವ ಪೆಟ್ಟಿನ ಮೊತ್ತ ಪಕ್ಕದಲ್ಲಿ ನೈಟ್ರೋಜನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಗೋಡೆಗೆ ಬಿದ್ದ ಪೆಟ್ಟುಗಳೆಲ್ಲ ಸೇರಿ ಒಟ್ಟು ಒತ್ತಡ. ಜಾನ್ ಡಾಲ್ಟನ್ ಇದನ್ನು 1801ರಲ್ಲಿ ಮಂಡಿಸಿದ. ಅವನು 1787ರಿಂದ 1844ರಲ್ಲಿ ಸಾಯುವವರೆಗೂ ಹವಾಮಾನದ ದಿನಚರಿ ಬರೆದಿಟ್ಟ ಮನುಷ್ಯ. ಗಾಳಿಯಲ್ಲಿ ನೀರಿನ ಆವಿ ಹೇಗೆ ಇರುತ್ತದೆ ಎಂಬ ಕುತೂಹಲವೇ ಅವನನ್ನು ಈ ನಿಯಮದ ಹತ್ತಿರ ತಂದಿತು. ನೀರಿನ ಆವಿಯ ಕಥೆ ನಮಗೂ ಮುಂದೆ ಬರುತ್ತದೆ.

ಈಗ ಮೋಲ್ ಲೆಕ್ಕ. ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ, ಯಾವ ಅನಿಲವಾದರೂ ಒಂದು ಮೋಲ್‌ನಲ್ಲಿ ಅಷ್ಟೇ ಅಣುಗಳು. ಎಲ್ಲ ಅನಿಲಗಳಿಗೂ ಗಾತ್ರ ಒಂದೇ, ತಾಪಮಾನ ಒಂದೇ. ಹಾಗಾದರೆ ಆದರ್ಶ ಅನಿಲ ಸಮೀಕರಣದಲ್ಲಿ (ಒತ್ತಡ × ಗಾತ್ರ = ಮೋಲ್ × ಅನಿಲ ಸ್ಥಿರಾಂಕ × ತಾಪಮಾನ) ಉಳಿಯುವ ವ್ಯತ್ಯಾಸ ಮೋಲ್ ಸಂಖ್ಯೆ ಒಂದೇ ಅಲ್ವಾ? ಅಂದರೆ ಒಟ್ಟು ಒತ್ತಡವನ್ನು ಅನಿಲಗಳು ಮೋಲ್‌ಗಳ ಲೆಕ್ಕದಲ್ಲಿ ಪಾಲು ಹಾಕಿಕೊಳ್ಳುತ್ತವೆ.

ಆಂಶಿಕ ಒತ್ತಡ = (ಆ ಅನಿಲದ ಮೋಲ್ ÷ ಒಟ್ಟು ಮೋಲ್) × ಒಟ್ಟು ಒತ್ತಡ

ಆವರಣದೊಳಗಿನ ಪಾಲಿಗೆ ಪುಸ್ತಕಗಳಲ್ಲಿ ಮೋಲ್ ಭಿನ್ನರಾಶಿ ಎಂಬ ಹೆಸರಿದೆ. ಒಂದು ಉದಾಹರಣೆ. ಒಂದು ಸಿಲಿಂಡರಿನಲ್ಲಿ 14 ಗ್ರಾಂ ನೈಟ್ರೋಜನ್, 16 ಗ್ರಾಂ ಆಕ್ಸಿಜನ್, 4 ಗ್ರಾಂ ಹೀಲಿಯಂ ಇದೆ. ಒಟ್ಟು ಒತ್ತಡ 4 ಅಟ್ಮಾಸ್ಫಿಯರ್. ಗಾತ್ರವನ್ನೂ ಕೊಟ್ಟಿಲ್ಲ, ತಾಪಮಾನವನ್ನೂ ಕೊಟ್ಟಿಲ್ಲ. ಗಾಬರಿ ಬೇಡ, ಎರಡೂ ಬೇಕಾಗಿಲ್ಲ. ಗ್ರಾಂಗಳನ್ನು ಆಯಾ ಅನಿಲದ ಒಂದು ಮೋಲ್ ತೂಕದಿಂದ ಭಾಗಿಸಿದರೆ ಮೋಲ್ ಸಿಗುತ್ತದೆ.

ನೈಟ್ರೋಜನ್: 14 ÷ 28 = 0.5 ಮೋಲ್
ಆಕ್ಸಿಜನ್: 16 ÷ 32 = 0.5 ಮೋಲ್
ಹೀಲಿಯಂ: 4 ÷ 4 = 1 ಮೋಲ್

ಒಟ್ಟು 2 ಮೋಲ್. ನೈಟ್ರೋಜನ್ನಿನ ಪಾಲು ಕಾಲು ಭಾಗ, ಅಂದರೆ 1 ಅಟ್ಮಾಸ್ಫಿಯರ್. ಆಕ್ಸಿಜನ್ನಿಗೂ ಅಷ್ಟೇ. ಹೀಲಿಯಂ ಪಾಲು ಅರ್ಧ, 2 ಅಟ್ಮಾಸ್ಫಿಯರ್. ತೂಕದಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಹೀಲಿಯಂ ಒತ್ತಡದಲ್ಲಿ ಎಲ್ಲಕ್ಕಿಂತ ಜಾಸ್ತಿ. ಗ್ರಾಂಗಳನ್ನೇ ಹಿಡಿದು ಪಾಲು ಮಾಡಿದ್ದರೆ 4 ÷ 34 × 4, ಅಂದರೆ 0.47 ಎಂಬ ತಪ್ಪು ಉತ್ತರ ಬರುತ್ತಿತ್ತು. ಒತ್ತಡಕ್ಕೆ ಲೆಕ್ಕ ಬೇಕಿರುವುದು ಅಣುಗಳ ಎಣಿಕೆ. ಹಗುರವಾದ ಅಣು ಜೋರಾಗಿ ಓಡುತ್ತದೆ, ಭಾರವಾದದ್ದು ನಿಧಾನವಾಗಿ ಓಡುತ್ತದೆ, ಕೊನೆಗೆ ಗೋಡೆಯ ಮೇಲೆ ಎರಡರ ಪರಿಣಾಮ ಒಂದೇ ಆಗುತ್ತದೆ. ಆದ್ದರಿಂದ ಗ್ರಾಂ ಕಂಡ ಕೂಡಲೇ ಮೊದಲು ಮೋಲ್ ಮಾಡಿಕೊಳ್ಳಿ, ಆಮೇಲೆ ಉಳಿದದ್ದು.

ಗಾತ್ರದ ಶೇಕಡಾ ಕೊಟ್ಟಿದ್ದರೆ ಕೆಲಸ ಇನ್ನೂ ಸುಲಭ. ಆದರ್ಶ ಅನಿಲಗಳಲ್ಲಿ ಅದೇ ಮೋಲ್ ಪಾಲು. ಒಣ ಗಾಳಿಯಲ್ಲಿ ನೈಟ್ರೋಜನ್ 78.08%, ಆಕ್ಸಿಜನ್ 20.95%, ಆರ್ಗಾನ್ 0.93%. ಒಟ್ಟು ಒತ್ತಡ 101.3 ಕಿಲೋಪಾಸ್ಕಲ್ ಇದ್ದರೆ ಆಕ್ಸಿಜನ್ನಿನ ಆಂಶಿಕ ಒತ್ತಡ 0.2095 × 101.3 = 21.2 ಕಿಲೋಪಾಸ್ಕಲ್.

ಶೇಕಡಾ ಒಂದೇ ಇದ್ದರೂ ಆಂಶಿಕ ಒತ್ತಡ ಬದಲಾಗಬಹುದು, ಇದು ನನಗೆ ತುಂಬಾ ಇಷ್ಟವಾದ ಭಾಗ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಅಟ್ಮಾಸ್ಫಿಯರ್ ಒತ್ತಡ ಏರುತ್ತದೆ. 30 ಮೀಟರ್ ಆಳದಲ್ಲಿ ಮುಳುಗುಗಾರ ಉಸಿರಾಡುವ ಗಾಳಿಯ ಒತ್ತಡ 4 ಅಟ್ಮಾಸ್ಫಿಯರ್. ಅಲ್ಲೂ ಆಕ್ಸಿಜನ್ 21 ಶೇಕಡವೇ, ಆದರೆ ಅದರ ಆಂಶಿಕ ಒತ್ತಡ 0.84 ಅಟ್ಮಾಸ್ಫಿಯರ್. ದೇಹಕ್ಕೆ ತಟ್ಟುವುದು ಈ ಸಂಖ್ಯೆ. ಆಕ್ಸಿಜನ್ ಅತಿಯಾದರೆ ವಿಷ, ಹಾಗಾಗಿ ಹವ್ಯಾಸಿ ಮುಳುಗುಗಾರರು ಸಾಮಾನ್ಯವಾಗಿ 1.4 ಅಟ್ಮಾಸ್ಫಿಯರ್ ಮಿತಿ ಇಟ್ಟುಕೊಳ್ಳುತ್ತಾರೆ. ಸಾಮಾನ್ಯ ಗಾಳಿಯಲ್ಲಿ ಆ ಮಿತಿ ಎಷ್ಟು ಆಳದಲ್ಲಿ ಬರುತ್ತದೆ? ಲೆಕ್ಕವನ್ನು ಹಿಂದಿನಿಂದ ಮಾಡಿ. 1.4 ÷ 0.21 = 6.67 ಅಟ್ಮಾಸ್ಫಿಯರ್. ಅದರಲ್ಲಿ ಮೇಲಿನ ಗಾಳಿಯ 1 ಕಳೆದರೆ 5.67. ಅಂದರೆ ಸುಮಾರು 57 ಮೀಟರ್. ಬಾಹ್ಯಾಕಾಶದ ಉಡುಪಿನಲ್ಲಿ ಇದು ತಿರುಗುಮುರುಗು. ಅಮೆರಿಕದ ಗಗನಯಾತ್ರಿಗಳ ನಡಿಗೆ ಉಡುಪಿನಲ್ಲಿ ಒತ್ತಡ ಸುಮಾರು 30 ಕಿಲೋಪಾಸ್ಕಲ್ ಮಾತ್ರ, ನೆಲದ ಮೇಲಿನದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಒಳಗಿರುವುದೆಲ್ಲ ಬರೀ ಆಕ್ಸಿಜನ್. ನಮಗೆ ಇಲ್ಲಿ ಸಿಗುವ 21 ಕಿಲೋಪಾಸ್ಕಲ್‌ಗಿಂತ ಅದು ಜಾಸ್ತಿಯೇ.

ಮುಚ್ಚಿದ ಪಾತ್ರೆಯೊಳಗೆ ಕ್ರಿಯೆ ನಡೆದರೆ ಮೋಲ್ ಬದಲು ಆಂಶಿಕ ಒತ್ತಡಗಳಲ್ಲೇ ಲೆಕ್ಕ ಬರೆಯಬಹುದು. ಗಾತ್ರ, ತಾಪಮಾನ ಬದಲಾಗದಿದ್ದರೆ ಎರಡೂ ಒಂದೇ ಅನುಪಾತದಲ್ಲಿ ನಡೆಯುತ್ತವೆ. ಡೈನೈಟ್ರೋಜನ್ ಟೆಟ್ರಾಕ್ಸೈಡ್ 1 ಅಟ್ಮಾಸ್ಫಿಯರ್ ಒತ್ತಡದಲ್ಲಿದೆ ಎಂದುಕೊಳ್ಳಿ. ಅದರ ಒಂದು ಅಣು ಒಡೆದರೆ ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳಾಗುತ್ತವೆ. 20% ಒಡೆದರೆ ಉಳಿದದ್ದು 0.8, ಹುಟ್ಟಿದ್ದು 0.4, ಒಟ್ಟು 1.2 ಅಟ್ಮಾಸ್ಫಿಯರ್. ಈಗ ಇದೇ ಪಾತ್ರೆಗೆ ಆರ್ಗಾನ್ ತುಂಬಿದರೆ? ಒಟ್ಟು ಒತ್ತಡ ಏರುತ್ತದೆ, ಆದರೆ 0.8 ಮತ್ತು 0.4 ಹಾಗೇ ಇರುತ್ತವೆ. ಮೋಲ್ ಪಾಲು ಕಡಿಮೆಯಾಯಿತು ನಿಜ, ಅಷ್ಟೇ ಪ್ರಮಾಣದಲ್ಲಿ ಒಟ್ಟು ಒತ್ತಡ ಜಾಸ್ತಿಯಾಯಿತು. ಸೂತ್ರ ನೋಡಿದರೆ ಗೊಂದಲವಾಗುತ್ತದೆ, "ಇದೊಂದೇ ಇದ್ದಿದ್ದರೆ" ಎಂದು ಕೇಳಿಕೊಂಡರೆ ಉತ್ತರ ತಕ್ಷಣ ಹೊಳೆಯುತ್ತದೆ.

ಇನ್ನು ನೀರಿನ ಆವಿ. ಪರೀಕ್ಷೆಯಲ್ಲಿ ಅಂಕ ಹೋಗುವುದು ಜಾಸ್ತಿ ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಪ್ರಯೋಗಾಲಯದಲ್ಲಿ ಆಕ್ಸಿಜನ್ ಸಂಗ್ರಹಿಸುವುದನ್ನು ನೆನಪಿಸಿಕೊಳ್ಳಿ. ನೀರು ತುಂಬಿದ ಜಾಡಿಯನ್ನು ತೊಟ್ಟಿಯಲ್ಲಿ ಬೋರಲು ಹಾಕಿರುತ್ತೇವೆ. ಅನಿಲ ಗುಳ್ಳೆಗುಳ್ಳೆಯಾಗಿ ಮೇಲೇರಿ ನೀರನ್ನು ಕೆಳಕ್ಕೆ ತಳ್ಳುತ್ತದೆ. ಜಾಡಿಯ ಒಳಗೋಡೆಯಲ್ಲಿ ಹನಿಗಳು ಅಂಟಿಕೊಂಡಿರುತ್ತವೆ. ಆ ಹನಿಗಳನ್ನು ಕಂಡಾಗಲೇ ತಿಳಿಯಬೇಕು, ಒಳಗಿರುವುದು ಬರೀ ಆಕ್ಸಿಜನ್ ಅಲ್ಲ, ಜೊತೆಗೆ ಆವಿಯೂ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿಯ ಒತ್ತಡ 23.8 ಮಿಲಿಮೀಟರ್ ಪಾದರಸ. ಒಟ್ಟು ಒತ್ತಡ 760 (ಅಂದರೆ 1 ಅಟ್ಮಾಸ್ಫಿಯರ್) ಇದ್ದರೆ ಆಕ್ಸಿಜನ್ನಿನ ಪಾಲು 736.2.

250 ಮಿಲಿಲೀಟರ್ ಸಂಗ್ರಹವಾಗಿದ್ದರೆ ಎಷ್ಟು ಮೋಲ್ ಆಕ್ಸಿಜನ್? 736.2 ÷ 760 = 0.9687 ಅಟ್ಮಾಸ್ಫಿಯರ್. ತಾಪಮಾನ 298 ಕೆಲ್ವಿನ್. ಅನಿಲ ಸ್ಥಿರಾಂಕ 0.08206.

0.9687 × 0.250 ÷ (0.08206 × 298) = 0.0099 ಮೋಲ್

ಗ್ರಾಂನಲ್ಲಿ 0.317. ಆವಿಯನ್ನು ಕಳೆಯದೆ ಬಿಟ್ಟಿದ್ದರೆ 0.327 ಬರುತ್ತಿತ್ತು, ಸುಮಾರು 3% ಹೆಚ್ಚು. ಇಲ್ಲಿ ಗಾತ್ರದಿಂದ ಏನನ್ನೂ ಕಳೆಯಬಾರದು ಎಂಬುದನ್ನು ಗಮನಿಸಿ. ಆಕ್ಸಿಜನ್ನಿಗೂ ಆವಿಗೂ ಇಡೀ 250 ಮಿಲಿಲೀಟರ್ ಸಿಕ್ಕಿದೆ, ಕಳೆಯಬೇಕಾದದ್ದು ಒತ್ತಡದಲ್ಲಿ.

ಓದುವ ಮೊದಲು ಜಾಡಿಯ ಒಳಗಿನ ನೀರಿನ ಮಟ್ಟವನ್ನೂ ಹೊರಗಿನ ಮಟ್ಟವನ್ನೂ ಒಂದೇ ಸಮಕ್ಕೆ ತರುವುದು ಸುಮ್ನೆ ಅಲ್ಲ. ಸಮ ಇದ್ದರೆ ಮಾತ್ರ ಒಳಗಿನ ಒಟ್ಟು ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ. ಒಳಗಿನ ನೀರು 13.6 ಸೆಂಟಿಮೀಟರ್ ಮೇಲಿದ್ದರೆ, ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರವಾದ್ದರಿಂದ, ಒಳಗಿನ ಒತ್ತಡ 10 ಮಿಲಿಮೀಟರ್ ಪಾದರಸದಷ್ಟು ಕಡಿಮೆ. ಆಗ 760 − 10 − 23.8 = 726.2 ಎಂದು ಹಿಡಿಯಬೇಕು.

ಆವಿಗೆ ಇನ್ನೊಂದು ವಿಚಿತ್ರ ಗುಣ ಇದೆ. ತಳದಲ್ಲಿ ದ್ರವ ನೀರು ಇರುವವರೆಗೂ ಸಮತೋಲನದಲ್ಲಿ ಅದರ ಒತ್ತಡವನ್ನು ತಾಪಮಾನ ಮಾತ್ರ ನಿರ್ಧರಿಸುತ್ತದೆ. ಮೇಲಿನದೇ ಮಿಶ್ರಣ ಒಂದಿಷ್ಟು ನೀರಿನ ಜೊತೆ ಪಿಸ್ಟನ್ ಇರುವ ಪಾತ್ರೆಯಲ್ಲಿದೆ ಎಂದುಕೊಳ್ಳಿ. 25 ಡಿಗ್ರಿಯಲ್ಲೇ ಇಟ್ಟು ಅನಿಲದ ಗಾತ್ರವನ್ನು ಅರ್ಧಕ್ಕೆ ಒತ್ತಿದರೆ 760 ದ್ವಿಗುಣವಾಗಿ 1520 ಆಗುವುದಿಲ್ಲ. ಆಕ್ಸಿಜನ್ ಮಾತ್ರ ದ್ವಿಗುಣವಾಗಿ 1472.4 ಆಗುತ್ತದೆ. ಆವಿಯಲ್ಲಿ ಅರ್ಧ ಭಾಗ ನೀರಾಗಿ ತಳ ಸೇರುತ್ತದೆ, ಅದರ ಒತ್ತಡ ಅದೇ 23.8. ಒಟ್ಟು 1496.2. ಇಂಥ ಪ್ರಶ್ನೆಯಲ್ಲಿ ಒಣ ಅನಿಲವನ್ನೂ ಆವಿಯನ್ನೂ ಮೊದಲೇ ಬೇರ್ಪಡಿಸಿ, ಅನಿಲಕ್ಕೆ ಮಾತ್ರ ಬಾಯ್ಲ್ ನಿಯಮ ಹಚ್ಚಿ, ಕೊನೆಗೆ ಆವಿಯನ್ನು ಕೂಡಿಸಿ.

ಡಾಲ್ಟನ್ ನಿಯಮ ನಡೆಯದ ಜಾಗಗಳೂ ಇವೆ. ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಸೇರಿದರೆ ಬಿಳಿ ಪುಡಿ ಅಮೋನಿಯಂ ಕ್ಲೋರೈಡ್ ಆಗುತ್ತದೆ, ಅಲ್ಲಿ ಮೊದಲಿನ ಒತ್ತಡಗಳನ್ನು ಸುಮ್ಮನೆ ಕೂಡಿಸುವ ಹಾಗಿಲ್ಲ. ತುಂಬಾ ಹೆಚ್ಚಿನ ಒತ್ತಡದಲ್ಲೂ ಅಣುಗಳು ಒಂದನ್ನೊಂದು ಎಳೆಯುವುದರಿಂದ ಉತ್ತರ ತಪ್ಪುತ್ತದೆ.

ಕೊನೆಗೊಂದು ಲೆಕ್ಕ, ಇದರಲ್ಲಿ ಶೇಕಡಾ, ಆವಿ ಎರಡೂ ಇವೆ. ನಾವು ಎಳೆದುಕೊಂಡ ಗಾಳಿ ಶ್ವಾಸಕೋಶ ತಲುಪುವ ಮೊದಲೇ 37 ಡಿಗ್ರಿಗೆ ಬೆಚ್ಚಗಾಗಿ ಆವಿಯಿಂದ ತುಂಬಿಕೊಳ್ಳುತ್ತದೆ. ಆ ತಾಪಮಾನದಲ್ಲಿ ಆವಿಯ ಒತ್ತಡ 47 ಮಿಲಿಮೀಟರ್ ಪಾದರಸ. ಸಮುದ್ರಮಟ್ಟದಲ್ಲಿ ಶ್ವಾಸನಾಳದ ಆಕ್ಸಿಜನ್:

0.2095 × (760 − 47) = 149 ಮಿಲಿಮೀಟರ್

ಎವರೆಸ್ಟ್ ತುದಿಯಲ್ಲಿ 1981ರಲ್ಲಿ ಅಳೆದಾಗ ಒಟ್ಟು ಒತ್ತಡ 253 ಮಿಲಿಮೀಟರ್ ಇತ್ತು. ದೇಹದ ಬಿಸಿ ಅಲ್ಲೂ 37 ಡಿಗ್ರಿಯೇ, ಆವಿ ಅಲ್ಲೂ ತನ್ನ 47 ಅನ್ನು ಪೂರ್ತಿ ತೆಗೆದುಕೊಳ್ಳುತ್ತದೆ.

0.2095 × (253 − 47) = 43 ಮಿಲಿಮೀಟರ್

ಕೆಳಗೆ ಆವಿ ತೆಗೆದುಕೊಳ್ಳುತ್ತಿದ್ದದ್ದು ಒಟ್ಟು ಒತ್ತಡದ 6%. ತುದಿಯಲ್ಲಿ ಅದೇ 47 ಸುಮಾರು 19% ಆಗುತ್ತದೆ. ಒಟ್ಟು ಒತ್ತಡ ಮೂರನೇ ಒಂದಕ್ಕೆ ಇಳಿದರೆ, ಶ್ವಾಸನಾಳದ ಆಕ್ಸಿಜನ್ 149ರಿಂದ 43ಕ್ಕೆ, ಅಂದರೆ ಮೂರನೇ ಒಂದಕ್ಕಿಂತಲೂ ಕೆಳಗೆ ಇಳಿಯುತ್ತದೆ.